ಹಾಲು ತುಪ್ಪಗಳಿಲ್ಲದ ಅತಿಥಿಸತ್ಕಾರ

ಮನೆಗೆ ಬಂದವರನ್ನು ಆದರಿಸಿ ಉಣಬಡಿಸುವ ವಿಷಯದಲ್ಲಿ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಪಾಠ ಹೇಳತಕ್ಕದ್ದೇನೂ ಇಲ್ಲವೆಂದು ನಾವು ಬಹುಕಾಲ ನಂಬಿಕೊಂಡಿದ್ದೆವು. ಹೊಲಿಗೆ, ಲೆಕ್ಕಪತ್ರ, ಶಿಶುಪಾಲನೆ, ರೋಗಿಯ ಶುಶ್ರೂಷೆ ಇವುಗಳನ್ನು ತರಗತಿಯಲ್ಲಿ ಕಲಿಸಬೇಕು. ಅತಿಥಿಸತ್ಕಾರವಾದರೋ ತಾಯಿಯ ಸೆರಗು ಹಿಡಿದು ಅಡಿಗೆಮನೆಯಲ್ಲಿ ಓಡಾಡುವಾಗಲೇ ಬಂದುಬಿಡುವ ವಿದ್ಯೆ ಎಂಬುದು ನಮ್ಮ ಎಣಿಕೆಯಾಗಿತ್ತು. ಈ ಸ್ಮರಣ ಸಂಚಿಕೆಗಾಗಿ ಶಿಕ್ಷಣಕ್ರಮವನ್ನೋ ಪರೀಕ್ಷೆಗಳ ಫಲಿತಾಂಶವನ್ನೋ ಕುರಿತು ಬರೆಯುವುದನ್ನು ಬಿಟ್ಟು ನಾವು ಒಲೆಯ ಮುಂದೆ ಕುಳಿತಿರುವುದನ್ನು ಕಂಡು ಪೂರ್ವ ವಿದ್ಯಾರ್ಥಿನಿಯರು ನಗಬಹುದು. ನಗಲಿ. ನಮ್ಮ ಎಣಿಕೆ ತಪ್ಪೆಂಬುದನ್ನು ನಾವು ನಮ್ಮ ಸ್ವಂತ ಊಟದ ಮನೆಯಲ್ಲಿಯೇ ಕಲಿತೆವು.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಓದಿದ ಹೆಣ್ಣುಮಗಳೊಬ್ಬಳು ತನ್ನ ಹದಿನೇಳು ವರ್ಷದ ಮಗಳೊಡನೆ ತರೀಕೆರೆಗೆ ಬಂದಿದ್ದಳು. ಅವರಿಬ್ಬರನ್ನೂ ಒಂದು ಮಧ್ಯಾಹ್ನದ ಊಟಕ್ಕೆ ಕರೆದೆವು. ಮಗಳು ಹಾಲನ್ನಾಗಲಿ ಹಾಲಿನಿಂದಾದ ಪದಾರ್ಥವನ್ನಾಗಲಿ ಮುಟ್ಟುವುದಿಲ್ಲವೆಂದು ತಾಯಿ ಮೊದಲೇ ತಿಳಿಸಿದ್ದಳು. "ಅದಕ್ಕೇನಮ್ಮ, ಆ ದಿನ ನಮ್ಮದು ಶಾಕಾಹಾರದ ಊಟವೇ" ಎಂದು ನಾವು ಹಗುರವಾಗಿ ಉತ್ತರ ಕೊಟ್ಟೆವು. ಇದೇ ಮೊದಲನೆಯ ತಪ್ಪು. ಎಲೆ ಹಾಕಿ ಬಡಿಸುವಾಗ ನೋಡುತ್ತೇವೆ: ತೊವ್ವೆಗೆ ತುಪ್ಪದ ಒಗ್ಗರಣೆ ಬಿದ್ದಿತ್ತು, ಸಾರಿಗೂ ಹಾಗೆಯೇ. ಸೌತೆಕಾಯಿಗೆ ಮೊಸರು ಬೆರೆತಿತ್ತು. ಒಬ್ಬಟ್ಟನ್ನು ತುಪ್ಪದಲ್ಲಿ ಬೇಯಿಸಿತ್ತು. ಪಾಯಸದ ಮಾತು ಹೇಳಬೇಕಾಗಿಲ್ಲ. ಹುಡುಗಿ ಮೆಲ್ಲಗೆ ಒಂದೊಂದನ್ನೇ ಕೇಳಿದಳು. ನಾವು ಒಂದೊಂದಕ್ಕೇ ಉತ್ತರ ಹೇಳುತ್ತ ಹೋದ ಹಾಗೆಲ್ಲ ಅವಳು ಉಣ್ಣತಕ್ಕದ್ದು ಕಡಿಮೆಯಾಗುತ್ತ ಹೋಯಿತು. ಕಡೆಗೆ ಉಳಿದದ್ದು ಅನ್ನ, ಉಪ್ಪಿನಕಾಯಿ, ಹುರುಳಿಕಾಯಿ ಪಲ್ಯ, ಇಷ್ಟೇ. ಆ ಅನ್ನದ ಮೇಲೆಯೂ ನಾವು ತಾಯಿಯೊಡನೆ ಮಾತನಾಡುತ್ತ, ಕೈಯ ರೂಢಿಯಿಂದ, ಮಿಳ್ಳೆ ಬಗ್ಗಿಸಿ ತುಪ್ಪ ಬಡಿಸಿಬಿಟ್ಟೆವು.

"ನನಗೆ ಹಸಿವಿಲ್ಲ, ಮಿಸ್" ಎಂದಳು ಹುಡುಗಿ. ತಾಯಿ ಏಳುವಾಗ ನಮ್ಮ ಕೈ ಹಿಡಿದು, "ನಮ್ಮಿಂದ ನಿಮಗೆ ತೊಂದರೆಯಾಯಿತು, ಕ್ಷಮಿಸಬೇಕು" ಎಂದಳು. ಅತಿಥಿಯು ಹಸಿದು ಏಳುವುದಲ್ಲದೆ ಏಳುತ್ತ ಮನೆಯವರ ಕ್ಷಮೆಯನ್ನು ಬೇರೆ ಬೇಡಬೇಕಾಗಿ ಬಂದದ್ದು ನಮ್ಮ ಮನಸ್ಸಿನಲ್ಲಿ ಮುಳ್ಳಾಗಿ ನಿಂತಿತು. ಅಂದಿನಿಂದ ಈ ವಿಷಯವನ್ನು ನಾವು ಒಂದು ಪಾಠವೆಂದೇ ಭಾವಿಸಿ ಅಭ್ಯಾಸ ಮಾಡಿದ್ದೇವೆ.

ಪ್ರಾಣಿಜನ್ಯವಾದ ಪದಾರ್ಥ ಯಾವುದನ್ನೂ, ಎಂದರೆ ಮಾಂಸ ಮೊಟ್ಟೆಗಳನ್ನು ಮಾತ್ರವಲ್ಲದೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಇವುಗಳನ್ನೂ ಸೇವಿಸದವರನ್ನು ಈಗ ವೀಗನ್ ಎಂದು ಕರೆಯುತ್ತಾರೆ. ಈ ಹೆಸರು ೧೯೪೪ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಎಂಬಾತನೂ ಆತನ ಕೆಲವು ಮಂದಿ ಸಂಗಡಿಗರೂ ಸೇರಿ ಸಂಘವೊಂದನ್ನು ಸ್ಥಾಪಿಸಿದಾಗ ಹುಟ್ಟಿತು. ಶಾಕಾಹಾರಿ ಎಂಬರ್ಥದ ವೆಜಿಟೇರಿಯನ್ ಎಂಬ ಪದದ ತಲೆಯನ್ನೂ ಬಾಲವನ್ನೂ ಜೋಡಿಸಿ ಮಾಡಿದ ಮಾತು ಅದು. ಹೆಸರು ಹೊಸದಾದರೂ ಪದ್ಧತಿ ಅಷ್ಟು ಹೊಸದಲ್ಲ. ಇಥಿಯೋಪಿಯಾ ದೇಶದ ಪ್ರಾಚೀನ ಸಭೆಯ ಕ್ರೈಸ್ತರು ಬುಧವಾರ ಶುಕ್ರವಾರಗಳಲ್ಲಿಯೂ ಪಾಸ್ಕಕ್ಕೆ ಮುಂಚಿನ ದೀರ್ಘವಾದ ಉಪವಾಸಕಾಲದಲ್ಲಿಯೂ ಮಾಂಸದೊಡನೆ ಹಾಲು ಬೆಣ್ಣೆಗಳನ್ನೂ ವರ್ಜಿಸುತ್ತಾರೆ. ಆ ದಿನಗಳಲ್ಲಿ ಅವರು ಹುಳಿಬರಿಸಿದ ಹಿಟ್ಟಿನ ಅಗಲವಾದ ದೋಸೆಯನ್ನು ಹರಡಿ ಅದರ ಮೇಲೆ ಬೇಳೆ ಕಾಳುಗಳ ವ್ಯಂಜನಗಳನ್ನು ಬಡಿಸಿಕೊಂಡು, ಮನೆಮಂದಿಯೂ ಬಂದವರೂ ಒಂದೇ ತಟ್ಟೆಯಲ್ಲಿ ಕೈಹಾಕಿ ಉಣ್ಣುವರು. ನಮ್ಮ ದೋಸೆಯನ್ನು ಬಲ್ಲವರಿಗೆ ಇದು ಅಷ್ಟೇನೂ ಪರದೇಶದ ಸಂಗತಿಯಾಗಿ ತೋರದು.

ಆದರೆ ನಮ್ಮ ಊರಿನಲ್ಲಿ ಹಾಲಿಲ್ಲದ ಔತಣದ ಮಾತು ಎತ್ತುವುದಕ್ಕೆ ಸ್ವಲ್ಪ ಧೈರ್ಯ ಬೇಕು. ನೆರೆಯ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ರಾಸುಗಳ ಸಂವರ್ಧನ ಕೇಂದ್ರವಿದೆಯಷ್ಟೆ. ಆ ತಳಿಯ ಮೂಲವನ್ನು ವಿಚಾರಿಸಿದರೆ, ಚಿಕ್ಕದೇವರಾಜ ಒಡೆಯರು ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಏರ್ಪಡಿಸಿದ "ಬೆಣ್ಣೆಚಾವಡಿ"ಗೆ ಹೋಗಿ ಮುಟ್ಟುತ್ತೇವೆ. ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟನು. ಬೆಣ್ಣೆಯ ಹೆಸರನ್ನು ಹೊತ್ತು ಬಂದ ಆ ದನಗಳು ಹೆಸರುವಾಸಿಯಾದದ್ದು ಮಾತ್ರ ಹಾಲಿಗಲ್ಲ, ಸೈನ್ಯದ ಬಂಡಿಗಳನ್ನು ಎಳೆಯುವ ವೇಗಕ್ಕೆ ಎಂಬುದನ್ನು ನಾವು ಮಕ್ಕಳಿಗೆ ಹೇಳಿದಾಗಲೆಲ್ಲ ಅವರು ನಕ್ಕಿದ್ದುಂಟು. ಹಾಲಿನ ಗೌರವವು ಹಾಲಿನ ಪ್ರಮಾಣಕ್ಕಿಂತ ಯಾವಾಗಲೂ ಹೆಚ್ಚಾಗಿಯೇ ಇದ್ದಿತೆಂಬುದಕ್ಕೆ ಇದೊಂದು ನಿದರ್ಶನ. ಸಹಕಾರ ಸಂಘಗಳ ಡೈರಿಗಳು ೧೯೭೪ರ ತರುವಾಯ ನಮ್ಮ ರಾಜ್ಯದಲ್ಲಿ ಹರಡುವುದಕ್ಕೆ ಮುಂಚೆ, ಮನೆಯ ಹಸು ಕರೆದರೆ ಹಾಲು, ಬತ್ತಿದರೆ ಇಲ್ಲ. ಹಸು ಬತ್ತಿದ ತಿಂಗಳುಗಳಲ್ಲಿಯೂ ನೆಂಟರು ಬರುತ್ತಲೇ ಇದ್ದರು. ಆಗ ನಮ್ಮ ಅಜ್ಜಿಯರು ಏನು ಬಡಿಸುತ್ತಿದ್ದರೆಂಬುದನ್ನು ನೆನಪಿಗೆ ತಂದುಕೊಂಡರೆ ಈ ಪಾಠದ ಅರ್ಧಭಾಗ ಮುಗಿಯಿತು.

ಒತ್ತುಶ್ಯಾವಿಗೆ ಮತ್ತು ಕಾಯಿಹಾಲು! ಹೊಸ ಅಳಿಯನಿಗೂ ದೂರದ ಬೀಗರಿಗೂ ಮಾಡುತ್ತಿದ್ದ ಅಡಿಗೆ ಇದು. ಇದರಲ್ಲಿ ಒಂದು ತೊಟ್ಟು ಹಾಲೂ ಇಲ್ಲ. ಇಲ್ಲವೆಂಬುದು ಯಾರ ಲಕ್ಷ್ಯಕ್ಕೂ ಬಂದಂತಿಲ್ಲ. ಅಕ್ಕಿಯನ್ನು ನೆನೆಯಿಟ್ಟು ರುಬ್ಬಿ, ಒಲೆಯ ಮೇಲೆ ಕೆದಕಿ ಮುದ್ದೆ ಮಾಡಿ, ಉಂಡೆಗಳನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಶ್ಯಾವಿಗೆ ಒರಳಿನಲ್ಲಿ ಒತ್ತಬೇಕು. ಒಬ್ಬರು ಒರಳನ್ನು ಹಿಡಿದು ಇನ್ನೊಬ್ಬರು ಒತ್ತಬೇಕಾದುದರಿಂದ ಅತ್ತೆ ಸೊಸೆಯರ ಮುನಿಸನ್ನು ಸಹ ಅಂದಿಗೆ ಬದಿಗಿಡಬೇಕಾಗುತ್ತಿತ್ತು. ಕಾಯಿಹಾಲಿನ ವಿಷಯವನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಹಾಲಿಲ್ಲದ ಸಿಹಿಗಳೆಲ್ಲಕ್ಕೂ ಇದೇ ತಾಯಿಬೇರು, ಮತ್ತು ಅನೇಕರು ಇಲ್ಲಿಯೇ ಕೆಡಿಸುತ್ತಾರೆ.

ಹತ್ತು ಮಂದಿಗೆ ಬಲಿತ ತೆಂಗಿನಕಾಯಿ ಮೂರು ಸಾಕು. ತುರಿದು, ಉಗುರುಬೆಚ್ಚಗಿನ ನೀರು ಸ್ವಲ್ಪವೇ ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ ಮೊದಲನೆಯ ಗಟ್ಟಿ ಹಾಲನ್ನು ಬೇರೆಯಾಗಿ ಇಡತಕ್ಕದ್ದು. ಅದೇ ತುರಿಗೆ ಮತ್ತೆ ನೀರು ಹಾಕಿ ಎರಡನೆಯ ಸಾರಿ, ಬೇಕಾದರೆ ಮೂರನೆಯ ಸಾರಿಯೂ ಹಿಂಡಬಹುದು. ಸುಮಾರು ೪೦೦ ಗ್ರಾಂ ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಕಸ ಹೋಗುವಂತೆ ಶೋಧಿಸಿ, ಎರಡನೆಯ ಹಾಲಿನೊಡನೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ಎರಡು ಚಮಚ ಗಸಗಸೆಯನ್ನೋ ಹುರಿದ ಎಳ್ಳನ್ನೋ ನುಣ್ಣಗೆ ಅರೆದು ಸೇರಿಸಿದರೆ ಮೈ ಬರುತ್ತದೆ. ಪಾತ್ರೆಯನ್ನು ಒಲೆಯಿಂದ ಇಳಿಸಿ, ಹಬೆ ಸ್ವಲ್ಪ ತಗ್ಗಿದ ಮೇಲೆಯೇ ಮೊದಲನೆಯ ಗಟ್ಟಿ ಹಾಲನ್ನೂ ಏಲಕ್ಕಿಯನ್ನೂ ಬೆರಸತಕ್ಕದ್ದು. ಯಾಕೆಂದರೆ ಕಾಯಿಹಾಲೆಂಬುದು ನೀರಿನಲ್ಲಿ ತೇಲುವ ಎಣ್ಣೆಯ ಸೂಕ್ಷ್ಮ ಬಿಂದುಗಳು. ತೆಂಗಿನ ಸಸಾರಜನಕವು ಅವುಗಳನ್ನು ಕೂಡದಂತೆ ತಡೆದಿರುತ್ತದೆ. ಕುದಿ ಹೆಚ್ಚಾದರೆ ಆ ಸಸಾರಜನಕವು ಹೆಪ್ಪುಗಟ್ಟಿ ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ. ಒಡೆದ ಕಾಯಿಹಾಲನ್ನು ಮತ್ತೆ ಒಂದುಗೂಡಿಸಲು ನಾವು ಪಟ್ಟ ಶ್ರಮವೆಲ್ಲ ವ್ಯರ್ಥವಾಗಿದೆ. ಒಬ್ಬಟ್ಟಿನೊಡನೆ ಕಾಯಿಹಾಲು ಬಡಿಸುವ ರೂಢಿ ನಮ್ಮಲ್ಲಿ ಮೊದಲಿನಿಂದಲೂ ಉಂಟು. ಕಣಕಕ್ಕೆ ಎಣ್ಣೆ ಹಾಕಿ ನಾದಿ, ಹೆಂಚಿನ ಮೇಲೂ ಎಣ್ಣೆಯನ್ನೇ ಬಳಸಿದರೆ ಒಬ್ಬಟ್ಟಿಗೆ ತುಪ್ಪದ ಅವಶ್ಯಕತೆಯೇ ಇಲ್ಲ. ವನಸ್ಪತಿಯನ್ನು ತುಪ್ಪದ ಬದಲಿಗೆ ಬಳಸುವುದು ನಮಗೆ ಸಮ್ಮತವಲ್ಲ. ಅದು ಸಸ್ಯಜನ್ಯವಾದರೂ ತುಪ್ಪದ ವೇಷ ಹಾಕಿದ್ದೇ ಹೊರತು ತುಪ್ಪದ ಗುಣವನ್ನೂ ಎಣ್ಣೆಯ ಗುಣವನ್ನೂ ಪಡೆದದ್ದಲ್ಲ.

ಇನ್ನು ಋತುಗಳ ವಿಚಾರ. ನಮ್ಮ ತರೀಕೆರೆಯು ಎರಡು ಸೀಮೆಗಳ ಹೊಸ್ತಿಲಿನ ಮೇಲೆ ಕುಳಿತಿದೆ. ಪಡುವಲಿಗೆ ಲಿಂಗದಹಳ್ಳಿ, ಕೆಮ್ಮಣ್ಣುಗುಂಡಿ, ಲಕ್ಕವಳ್ಳಿಗಳ ಕಡೆ ಮಲೆನಾಡಿನ ಮಳೆ, ಅಡಿಕೆ, ಬಾಳೆ, ಕಾಫಿ. ಮೂಡಲಿಗೆ ಅಜ್ಜಂಪುರದ ಕಪ್ಪು ನೆಲದಲ್ಲಿ ಈರುಳ್ಳಿ ಕಾಳುಕಡ್ಡಿ. ತೆಂಕಲಿಗೆ ಕಡೂರಿನ ಒಣ ಬಯಲಿನಲ್ಲಿ ರಾಗಿ, ತೆಂಗು. ಒಂದೇ ಸಂತೆಯಲ್ಲಿ ಇವೆಲ್ಲ ಬಂದು ಕೂಡುವಾಗ, ಹೊರಗಿನಿಂದ ಡಬ್ಬಿಗಳಲ್ಲಿ ಬರುವ ಬಾದಾಮಿಯ ಹಾಲನ್ನೂ ಸೋಯಾ ಗಿಣ್ಣನ್ನೂ ತರಿಸಿ, ಹಾಲಿನ ಊಟದ ಅನುಕರಣವನ್ನು ಮಾಡುವುದೇತಕ್ಕೆ? ಅನುಕರಣದ ಊಟವು ಉಣ್ಣುವವರಿಗೆ ಪ್ರತಿ ತುತ್ತಿನಲ್ಲಿಯೂ ಇಲ್ಲದಿರುವುದನ್ನೇ ಜ್ಞಾಪಿಸುತ್ತದೆ. ಆ ಕಾಲದಲ್ಲಿ ನೆಲವು ಕೊಟ್ಟದ್ದನ್ನು ಮುಖ್ಯ ಮಾಡಿ ಬಡಿಸಿದರೆ ಹಾಲಿನ ನೆನಪು ತಾನಾಗಿಯೇ ಬರುವುದಿಲ್ಲವೆಂಬುದು ನಮ್ಮ ಅನುಭವ.

ಔತಣಕ್ಕೆ ಎಲ್ಲಕ್ಕಿಂತ ಉತ್ತಮವಾದ ಕಾಲ ಪುಷ್ಯಮಾಸದ ಚಳಿಗಾಲ. ನಮ್ಮ ರೈತರು ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆಯನ್ನೂ ಹುಚ್ಚೆಳ್ಳನ್ನೂ ಬಿತ್ತುವ ಕ್ರಮವು ಬಹು ಪುರಾತನವಾದುದು. ರಾಗಿ ಕೊಯ್ಲಾಗುವ ಹೊತ್ತಿಗೆ ಅವರೆ ಕಾಯಿ ಕಟ್ಟುತ್ತದೆ, ಹುಚ್ಚೆಳ್ಳಿನ ಹಳದಿ ಹೂವು ಉದುರಿ ಕಾಳು ಬಲಿಯುತ್ತದೆ. ರಾಗಿ, ಅವರೆ, ಹುಚ್ಚೆಳ್ಳು ಮೂರೂ ಒಂದೇ ಹೊಲದಲ್ಲಿ ಬೆಳೆದು ಒಂದೇ ಎಲೆಯ ಮೇಲೆ ಬಂದು ಸೇರುತ್ತವೆ. ನಾಟಿ ಅವರೆಯು ಹಗಲು ಕುಗ್ಗಿದ ಮೇಲೆಯೇ ಹೂಬಿಡುವ ಬಳ್ಳಿ; ಚಳಿಗಾಲದ ಇಬ್ಬನಿ ಬಿದ್ದ ಕಾಯಿಯ ಸಿಪ್ಪೆಯ ಮೇಲಿನ ಅಂಟು ಜಿಡ್ಡಿನಲ್ಲಿ ಸೊಗಡು ಅಡಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷವೆಲ್ಲ ಕಾಯಿ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ಸಿದ್ಧಪಡಿಸಿ ರೈತರಿಗೆ ಉಪಕಾರ ಮಾಡಿದ್ದಾರೆ. ಆದರೆ ಔತಣಕ್ಕೆ ಕೊಳ್ಳುವಾಗ ಕೈಗೆ ಜಿಡ್ಡು ಹತ್ತುವ ನಾಟಿ ಕಾಯನ್ನೇ ಆರಿಸಬೇಕೆಂದು ನಾವು ಹೇಳುತ್ತೇವೆ. ಕೈಗೆ ಹತ್ತಿದ ಆ ವಾಸನೆ ಮಾರನೆಯ ದಿನದವರೆಗೂ ಹೋಗುವುದಿಲ್ಲ, ಹೋಗದಿರಲಿ.

ಹಿತಕಿದ ಬೇಳೆಯ ಸಾರನ್ನು ಹತ್ತು ಮಂದಿಗೆ ಮಾಡಬೇಕಾದರೆ ಮೂರು ಕಿಲೋಗ್ರಾಂ ಕಾಯಿ ಬೇಕು. ಸುಲಿದರೆ ಕಾಳು ಒಂದು ಕಿಲೋಗ್ರಾಮಿಗೆ ಹೆಚ್ಚುಕಡಿಮೆ ಸಿಕ್ಕುವುದು. ಹಿಂದಿನ ರಾತ್ರಿ ಕಾಳನ್ನು ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದನ್ನೇ ಹಿತಕಿದರೆ ಬೇಳೆ ಚಿಮ್ಮಿ ಹೊರಬರುತ್ತದೆ. ಇದು ಒಬ್ಬರ ಕೆಲಸವಲ್ಲ. ಅತಿಥಿಗಳು ಬೆಳಿಗ್ಗೆಯೇ ಬಂದಿದ್ದರೆ ಅವರ ಮುಂದೆಯೂ ಒಂದು ತಟ್ಟೆಯನ್ನಿಡಿರಿ. ಇದರಲ್ಲಿ ಅಗೌರವವೇನೂ ಇಲ್ಲ. ನಾವು ಕಂಡಂತೆ ಅತ್ಯಂತ ಸಂಕೋಚದ ಅತಿಥಿಯೂ ನಾಲ್ಕು ಹಿಡಿ ಕಾಳು ಹಿತಕುವುದರೊಳಗಾಗಿ ಮನೆಯವಳಾಗುತ್ತಾಳೆ. ಕಡಲೆಕಾಯಿ ಎಣ್ಣೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಗಳನ್ನು ಕೆಂಪಗೆ ಹುರಿದು, ತೆಂಗಿನ ತುರಿ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಶುಂಠಿ, ಒಂದು ಚೂರು ಚಕ್ಕೆ, ಎರಡು ಲವಂಗ ಸೇರಿಸಿ ರುಬ್ಬಬೇಕು. ಬೇಳೆಯನ್ನು ಮೊದಲು ಬರಿಯ ನೀರಿನಲ್ಲಿ ಮೆತ್ತಗಾಗುವ ತನಕ ಬೇಯಿಸಿ ತರುವಾಯ ಮಸಾಲೆ ಬೆರೆಸತಕ್ಕದ್ದು. ಹುಳಿಯನ್ನು ಮೊದಲೇ ಹಾಕಿದರೆ ಕಾಳು ಬೇಯದು. ಇದಕ್ಕೆ ಜೊತೆ ರಾಗಿಮುದ್ದೆಯಾಗಲಿ ಅಕ್ಕಿರೊಟ್ಟಿಯಾಗಲಿ. ರೊಟ್ಟಿಯ ಮೇಲೆ ಬೆಣ್ಣೆ ಇಡುವ ಕಡೆ ಹುಚ್ಚೆಳ್ಳಿನ ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿ ಇಡಬೇಕು. ಆ ಕಾಲಕ್ಕೆ ಆಲೆಮನೆಗಳಿಂದ ಹೊಸ ಬೆಲ್ಲವೂ ಬರುವುದರಿಂದ ಎಳ್ಳುಂಡೆ, ಕಡಲೆಕಾಯಿ ಉಂಡೆ, ಬೇಯಿಸಿದ ಗೆಣಸು ಇವುಗಳಿಂದಲೇ ಸಿಹಿಯ ಕೆಲಸ ಮುಗಿಯುವುದು.

ಮಳೆಗಾಲದ ಔತಣಕ್ಕೆ ಮಲೆಯ ಕಡೆ ಮುಖ ಮಾಡಬೇಕು. ಆಷಾಢ ಶ್ರಾವಣಗಳಲ್ಲಿ ಬಿದಿರಿನ ಬುಡದಲ್ಲಿ ಕಳಲೆ ಏಳುತ್ತದೆ. ಹಸಿಯ ಕಳಲೆಯಲ್ಲಿ ಸಯನೈಡ್ ಎಂಬ ವಿಷವನ್ನು ಬಿಡುಗಡೆ ಮಾಡುವ ವಸ್ತುವಿರುವುದರಿಂದ ಅದನ್ನು ತೆಳ್ಳಗೆ ಹೆಚ್ಚಿ, ಮೂರು ದಿನ ನೀರಿನಲ್ಲಿಟ್ಟು, ದಿನಕ್ಕೊಂದು ಸಾರಿ ನೀರನ್ನು ಬದಲಾಯಿಸಿ, ಬಳಿಕ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ನೆನೆಸಿದ ನೀರನ್ನು ದನಗಳು ಕುಡಿಯದ ಹಾಗೆ ಚೆಲ್ಲಬೇಕೆಂದು ಹಳ್ಳಿಯ ಹಿರಿಯರು ಹೇಳುವ ಎಚ್ಚರಿಕೆ ಬರಿಯ ಮೂಢನಂಬಿಕೆಯಲ್ಲ. ಲಕ್ಕವಳ್ಳಿಯ ಕಡೆಯ ಕಾಡು ೧೯೯೮ರಿಂದ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಅಲ್ಲಿ ಕಳಲೆ ಮುರಿಯುವುದು ಕೂಡದು. ತೋಟದ ಬೇಲಿಯ ಬಿದಿರಿನದನ್ನೇ ಕೊಳ್ಳತಕ್ಕದ್ದು. ಕಳಲೆಯ ಪಲ್ಯಕ್ಕೆ ಮೊಳಕೆ ಬಂದ ಹೆಸರುಕಾಳು ಸೇರಿದರೆ ಅದೇ ಊಟದ ರಾಜ.

ಕೆಸುವಿನ ಎಲೆಯ ಪತ್ರೊಡೆಯೂ ಇದೇ ಕಾಲದ್ದು. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿದ್ದು ಅವೇ ಗಂಟಲ ತುರಿಕೆಗೆ ಕಾರಣ. ಆದುದರಿಂದಲೇ ಅಕ್ಕಿಯ ಹಿಟ್ಟಿಗೆ ಹುಣಿಸೆಹಣ್ಣನ್ನು ಧಾರಾಳವಾಗಿ ಹಾಕಿ, ಮುಕ್ಕಾಲು ಗಂಟೆಯ ಕಾಲ ಹಬೆಯಲ್ಲಿ ಬೇಯಿಸಬೇಕು. ಮಳೆ ಹಿಡಿದ ಮರಗಳ ಕೊಂಬೆಗಳಲ್ಲಿ ಬೆಳೆಯುವ ಮರಗೆಸುವಿನ ಎಲೆ ಸಿಕ್ಕಿದರೆ ಇನ್ನೂ ಲೇಸು. ಪತ್ರೊಡೆಯನ್ನು ಹಿಂದಿನ ದಿನವೇ ಬೇಯಿಸಿಟ್ಟು, ಅತಿಥಿಗಳು ಬಂದ ಮೇಲೆ ಹೋಳು ಮಾಡಿ ಹೆಂಚಿನ ಮೇಲೆ ಎಣ್ಣೆಯಲ್ಲಿ ಕೆಂಪಗೆ ಮಾಡಬಹುದು. ಕೆಲಸದಿಂದ ಸಂಜೆ ಮನೆಗೆ ಬಂದು ಅಡಿಗೆ ಮಾಡುವ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ ಇದಕ್ಕಿಂತ ಅನುಕೂಲವಾದ ತಿಂಡಿ ಇನ್ನೊಂದಿಲ್ಲ.

ಬೇಸಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಯಿಪಲ್ಯ ಬಾಡಿದರೂ ಮಾವು ಹಲಸುಗಳೆರಡೇ ಮನೆಯನ್ನು ನಡೆಸುತ್ತವೆ. ಮಾವಿನಕಾಯಿ ಚಿತ್ರಾನ್ನ, ಹಲಸಿನ ಗುಜ್ಜೆಯ ಪಲ್ಯ, ಹಲಸಿನ ಬೀಜದ ಹುಳಿ, ಬಾಳೆಯೆಲೆಯಲ್ಲಿ ಕಟ್ಟಿ ಬೇಯಿಸಿದ ಹಲಸಿನ ಹಣ್ಣಿನ ಕಡುಬು, ಅದಕ್ಕೆ ತುಪ್ಪದ ಬದಲು ಗಟ್ಟಿಯಾದ ಕಾಯಿಹಾಲು, ಕುಡಿಯಲು ಬೆಲ್ಲ ನಿಂಬೆಹಣ್ಣಿನ ಪಾನಕ.

ಅಡಿಗೆ ಇಷ್ಟು ಸುಲಭವಾದರೆ ಕಷ್ಟವೆಲ್ಲಿದೆ ಎಂದು ಕೇಳಬಹುದು. ಕಷ್ಟವು ಊಟದ ಎರಡು ಕೊನೆಗಳಲ್ಲಿದೆ: ಬಂದೊಡನೆ ಕೊಡುವ ಕಾಫಿಯಲ್ಲಿ, ಏಳುವ ಮುಂಚೆ ಬಡಿಸುವ ಮಜ್ಜಿಗೆಯಲ್ಲಿ. ಬಾಬಾಬುಡನ್‌ಗಿರಿಯ ನೆರಳಿನಲ್ಲಿರುವ ನಾವು ಬಂದವರಿಗೆ ಕಾಫಿ ಕೊಡದೆ ಇರಲಾರೆವು. ಹಾಲಿಲ್ಲದೆ ಕೊಡುವಾಗ ಚಿಕೋರಿ ಬೆರೆಯದ ಪುಡಿಯಿಂದ ತೆಳುವಾಗಿ ಕಷಾಯ ಇಳಿಸಿ, ಬೆಲ್ಲ ಹಾಕಿ ಕೊಡಬೇಕು. ಮಲೆನಾಡಿನ ಹಳೆಯ ಮನೆಗಳಲ್ಲಿ ಬೆಲ್ಲದ ಕಾಫಿ ಹೊಸದೇನೂ ಅಲ್ಲ. ಕಾಫಿ ಒಲ್ಲದವರಿಗೆ ಕೊತ್ತಂಬರಿ ಜೀರಿಗೆಗಳ ಕಷಾಯವಿದೆ.

ಮಜ್ಜಿಗೆಯ ವಿಷಯದಲ್ಲಿ ನಾವು ಬಹಳ ಪ್ರಯೋಗ ಮಾಡಿ ನೋಡಿದೆವು. ನೆನೆಸಿದ ಕಡಲೆಕಾಯಿ ಬೀಜವನ್ನು ರುಬ್ಬಿ ಸೋಸಿದ ಹಾಲನ್ನು ಕಾಯಿಸಿ ಆರಿಸಿ, ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ಮುಚ್ಚಿಟ್ಟರೆ ಹೆಪ್ಪಾಗುತ್ತದೆಂದು ಕೇಳಿ ಹಾಗೆಯೇ ಮಾಡಿದೆವು. ಬೇಸಗೆಯಲ್ಲಿ ಆಯಿತು, ಚಳಿಗಾಲದಲ್ಲಿ ಆಗಲಿಲ್ಲ. ಆದಾಗಲೂ ಕಡಲೆಕಾಯಿಯ ವಾಸನೆ ಹೋಗಲಿಲ್ಲ. ಕಡೆಗೆ ಆ ಪ್ರಯತ್ನವನ್ನು ಬಿಟ್ಟು, ಮುರುಗಲ ಹುಳಿಯ ತಿಳಿಸಾರನ್ನೂ, ಒಂದೆಲಗದ ಸೊಪ್ಪು, ಜೀರಿಗೆ, ಮೆಣಸುಗಳನ್ನು ಅರೆದು ತೆಳು ಕಾಯಿಹಾಲಿನಲ್ಲಿ ಕದಡಿ ನಿಂಬೆಯ ಹುಳಿ ಹಿಂಡಿದ ತಂಬುಳಿಯನ್ನೂ ಊಟದ ಕೊನೆಗೆ ಇಟ್ಟೆವು. ಮಜ್ಜಿಗೆಯಂತೆ ಇದೂ ಬಾಯನ್ನು ತಂಪುಗೊಳಿಸುತ್ತದೆ. ಮೊಸರನ್ನು ಹೋಲಬೇಕೆಂಬ ಹಂಗು ಇದಕ್ಕಿಲ್ಲದಿರುವುದೇ ಇದರ ಗುಣ.

ತಾಯಂದಿರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಒಂದು ಹೊತ್ತಿನ ಔತಣ ಬೇರೆ, ನಿತ್ಯದ ಆಹಾರ ಬೇರೆ. ಕಾಯಿಹಾಲಿನಲ್ಲಿರುವುದು ಮುಖ್ಯವಾಗಿ ಕೊಬ್ಬು. ಅದು ಮಗುವಿಗೆ ಹಸುವಿನ ಹಾಲಿನ ಸ್ಥಾನವನ್ನು ತುಂಬಲಾರದು. ನಿಮ್ಮ ಮಗಳು ಹಾಲನ್ನು ಪೂರ್ತಿಯಾಗಿ ಬಿಡುವೆನೆಂದರೆ ಗದರಿಸಬೇಡಿರಿ, ಆದರೆ ವಿಚಾರಿಸದೆಯೂ ಬಿಡಬೇಡಿರಿ. ಅಕ್ಕಿ ರಾಗಿಗಳಲ್ಲಿ ಕೊರತೆಯಾಗಿರುವ ಸಸಾರಜನಕದ ಅಂಶವು ಬೇಳೆ ಕಾಳುಗಳಲ್ಲಿದೆ. ಸುಣ್ಣದ ಅಂಶಕ್ಕೆ ರಾಗಿಯಿದೆ, ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿ ಅದು ದೊರೆಯುತ್ತದೆ. ಆದರೆ ಬಿ-೧೨ ಎಂಬ ಜೀವಸತ್ವವು ಸಸ್ಯಾಹಾರದಲ್ಲಿ ನೆಚ್ಚಬಹುದಾದಷ್ಟು ಸಿಕ್ಕುವುದಿಲ್ಲ. ಅದು ಕಡಿಮೆಯಾದರೆ ರಕ್ತಹೀನತೆಯೂ ನರಗಳ ದೌರ್ಬಲ್ಯವೂ ನಿಧಾನವಾಗಿ ಬರುವುವು. ಇದಕ್ಕೆ ವೈದ್ಯರನ್ನು ಕೇಳಿ ಔಷಧದ ರೂಪದಲ್ಲಿ ತೆಗೆದುಕೊಳ್ಳುವುದೇ ಮಾರ್ಗ. ಹಿಂದಿನವರು ಇದನ್ನು ಹೇಳಲಿಲ್ಲವಲ್ಲ ಎಂದರೆ, ಹಿಂದಿನವರು ಹಾಲನ್ನು ಪೂರ್ತಿಯಾಗಿ ಬಿಟ್ಟವರಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ರಚಿಸಿದ ಸೂಪಶಾಸ್ತ್ರವು ಶಾಕಾಹಾರದ ಗ್ರಂಥವೇ. ಅದರಲ್ಲಿಯೂ ಹಾಲು ತುಪ್ಪಗಳಿಗೆ ಬರವಿಲ್ಲ.

ಈ ಅಭ್ಯಾಸದಿಂದ ನಾವು ನಿರೀಕ್ಷಿಸದೆ ಇದ್ದ ಇನ್ನೊಂದು ಪ್ರಯೋಜನವಾಯಿತು. ಗೆಳತಿಯರನ್ನು ಊಟಕ್ಕೆ ಕರೆಯಲು ಹಿಂಜರಿಯುವ ಬಾಲಕಿಯರನ್ನು ನಾವು ಪ್ರತಿ ವರ್ಷವೂ ಕಾಣುತ್ತೇವೆ. ಕಾರಣ ಕೇಳಿದರೆ ಬಹು ಹೊತ್ತಿನ ಮೇಲೆ, ತಲೆ ತಗ್ಗಿಸಿ, "ಮನೆಯಲ್ಲಿ ತುಪ್ಪ ಇರುವುದಿಲ್ಲ, ಮಿಸ್" ಎನ್ನುತ್ತಾರೆ. ತಿಂಗಳ ಕೊನೆಯಲ್ಲಿ ಬೆಣ್ಣೆ ಕಾಸಿ ತುಪ್ಪ ಮಾಡುವ ಅನುಕೂಲ ಎಲ್ಲ ಮನೆಗಳಿಗೂ ಇಲ್ಲ. ಎಲೆಯ ಮೇಲೆ ತುಪ್ಪ ಬೀಳುವ ತನಕ ಕೈಯಿಕ್ಕದೆ ಕಾದಿರುವ ಪದ್ಧತಿಯ ಸೀಮೆಯಲ್ಲಿ ತುಪ್ಪವಿಲ್ಲದ 'ಊಟಕ್ಕೆ ಬನ್ನಿ' ಎನ್ನಲು ಬಾಯಿ ಬರುವುದಿಲ್ಲ. ಗೃಹವಿಜ್ಞಾನದ ತರಗತಿಯಲ್ಲಿ ಈ ಅಡಿಗೆಗಳನ್ನು ನಾವು ಮಾಡಿಸಲು ತೊಡಗಿದ ವರ್ಷ, ಅಂಥ ಬಾಲಕಿಯೊಬ್ಬಳು ತನ್ನ ತರಗತಿಯ ಆರು ಮಂದಿಯನ್ನು ಹಿತಕಿದ ಬೇಳೆಯ ಊಟಕ್ಕೆ ಮನೆಗೆ ಕರೆದುಕೊಂಡು ಹೋದಳು. ಅವಳ ತಾಯಿ ಮಾರನೆಯ ದಿನ ಪಾಠಶಾಲೆಗೆ ಬಂದು ಏನನ್ನೋ ಹೇಳಬೇಕೆಂದು ನಿಂತು, ಹೇಳದೆ, ಒಂದು ಸೇರು ಅವರೆಕಾಳನ್ನು ನಮ್ಮ ಮೇಜಿನ ಮೇಲಿಟ್ಟು ಹೋದಳು.

ಬಡಿಸುವವರಿಗೆ ಎರಡು ಸೂಚನೆ. ಕರೆಯುವಾಗಲೇ "ನೀವು ಏನನ್ನು ತೆಗೆದುಕೊಳ್ಳುವುದಿಲ್ಲ?" ಎಂದು ಕೇಳಬೇಕು, ಕೇಳಿದ್ದನ್ನು ಅಡಿಗೆ ಮಾಡುವ ಪ್ರತಿಯೊಬ್ಬರಿಗೂ ಹೇಳಬೇಕು. "ಒಂದು ತೊಟ್ಟು ತುಪ್ಪದಿಂದೇನಾಗುತ್ತದೆ?" ಎಂದು ಒತ್ತಾಯ ಮಾಡುವುದು ಉಪಚಾರವಲ್ಲ. ಅಂಗಡಿಯ ಬಿಸ್ಕತ್ತು, ರೊಟ್ಟಿ, ಮಿಠಾಯಿಗಳಲ್ಲಿ ಹಾಲಿನ ಪುಡಿ ಸೇರಿರುವುದುಂಟು. ಪೊಟ್ಟಣದ ಮೇಲೆ ಅಚ್ಚಾಗಿರುವುದನ್ನು ಓದಿ ನೋಡಬೇಕು.

ಆ ತಾಯಿ ಮಗಳನ್ನು ನಾವು ಎರಡನೆಯ ಸಾರಿ ಕರೆದದ್ದು ಮುಂದಿನ ಜನವರಿಯಲ್ಲಿ. ತಾಯಿಗೆ ಕಾಗದ ಬರೆಯುವಾಗ ಕೈ ತಡೆಯಿತೆಂದು ಒಪ್ಪಿಕೊಳ್ಳುತ್ತೇವೆ. ಬಂದರು. ಅಂದು ಸಹ ಎಲ್ಲವೂ ನಿರ್ವಿಘ್ನವಾಗಿ ನಡೆಯಿತೆಂದಲ್ಲ: ಹತ್ತು ಸಾರಿ ಹೇಳಿದ್ದಾಗ್ಯೂ ನಮ್ಮ ಅಡಿಗೆಯಾಕೆ ತಿಳಿಸಾರಿಗೆ ತುಪ್ಪದಲ್ಲಿಯೇ ಒಗ್ಗರಣೆ ಕೊಟ್ಟಳು. ವಾಸನೆಯಿಂದ ತಿಳಿದು, ಆ ಸಾರನ್ನು ಹಾಗೆಯೇ ಒಳಗಿಟ್ಟು, ಇನ್ನೊಂದು ಒಲೆಯ ಮೇಲೆ ಬೇರೆ ಸಾರು ಮಾಡಿಸುವಷ್ಟರಲ್ಲಿ ಊಟ ಅರ್ಧ ಗಂಟೆ ತಡವಾಯಿತು. ಮಿಳ್ಳೆಯನ್ನು ನಾವು ಬೆಳಿಗ್ಗೆಯೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆವು, ನಮ್ಮ ಕೈಯನ್ನು ನಾವೇ ನಂಬದೆ. ಹುಡುಗಿ ಈ ಸಾರಿ ಏನನ್ನೂ ಕೇಳಲಿಲ್ಲ. ಅಕ್ಕಿರೊಟ್ಟಿ ಮೂರು ತಿಂದಳು. ಹುಚ್ಚೆಳ್ಳಿನ ಪುಡಿಯನ್ನು ಎರಡು ಸಾರಿ ಹಾಕಿಸಿಕೊಂಡು, "ಇದನ್ನು ಹೇಗೆ ಮಾಡುತ್ತಾರೆ, ಮಿಸ್?" ಎಂದಳು. "ಬರೆದು ಕಳುಹಿಸುತ್ತೇವೆ, ಮಗೂ" ಎಂದೆವು. ಪಾಠಶಾಲೆಯ ಕೆಲಸಗಳಲ್ಲಿ ಅದು ಮರೆತೇಹೋಯಿತು. ಈ ಸಂಚಿಕೆ ಅವಳ ತಾಯಿಯ ಕೈಸೇರುವುದರಿಂದ ಇಲ್ಲಿಯೇ ಬರೆಯುತ್ತೇವೆ.

ಹುಚ್ಚೆಳ್ಳು ೨೦೦ ಗ್ರಾಂ. ಕಲ್ಲು ಮಣ್ಣು ಹೋಗುವಂತೆ ತೊಳೆದು ಬಿಸಿಲಿನಲ್ಲಿ ಒಣಗಿಸಿ, ಕಬ್ಬಿಣದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಬೇಕು. ಹೊಗೆ ಬಂದರೆ ಕಹಿಯಾಗುವುದು. ಒಣಮೆಣಸಿನಕಾಯಿ ಹದಿನೈದು, ಒಂದು ಹಿಡಿ ಕರಿಬೇವು, ಅರ್ಧ ಗಿಟುಕು ಕೊಬ್ಬರಿಯ ತುರಿ ಇವನ್ನು ಬೇರೆಬೇರೆಯಾಗಿ ಬೆಚ್ಚಗೆ ಮಾಡಿಕೊಂಡು, ಗೋಲಿಯಷ್ಟು ಹುಣಿಸೆಹಣ್ಣು, ಒಂದು ಗೆಡ್ಡೆ ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟಬೇಕು. ಬಹಳ ನುಣ್ಣಗೆ ಮಾಡಿದರೆ ಎಣ್ಣೆ ಬಿಟ್ಟು ಮುದ್ದೆಯಾಗುವುದರಿಂದ ತರಿಯಾಗಿಯೇ ಇರಲಿ. ಬೆಳ್ಳುಳ್ಳಿ ಹಾಕಿದ ಪುಡಿಯನ್ನು ಹದಿನೈದು ದಿನಕ್ಕಿಂತ ಹೆಚ್ಚು ಇಡಬಾರದು. ಹಾಕದಿದ್ದರೆ ಒಂದು ತಿಂಗಳು ಇರುತ್ತದೆ.